ಅಡಿಕೆ, ಬಾಯಿ ಮತ್ತು ಜೀವಕೋಶದ ನಕಲು ಪುಸ್ತಕ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಜ್ಞಾನದ ವಿಷಯ ಮಾತಾಡಿ ಎಂದು ಸಮಿತಿಯವರು ಹೇಳಿದರು. ನಾನು ಅಡಿಕೆಯನ್ನೇ ಆರಿಸಿಕೊಂಡೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಅದು ಅನ್ನ ಕೊಟ್ಟ ಬೆಳೆ. ನಮ್ಮಲ್ಲಿ ಅನೇಕರು ಓದಿದ್ದೂ ಅದರ ದುಡ್ಡಿನಲ್ಲೇ. ಆದರೂ ಹೇಳಲೇಬೇಕು: ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಅದು ಹೇಗೆ? ಜೀವಕೋಶದ ಡಿಎನ್‌ಎಯನ್ನು ಶಾಲೆಯ ಕಪಾಟಿನಲ್ಲಿರುವ ಮೂಲ ಪುಸ್ತಕ ಎನ್ನೋಣ. ಅದನ್ನು ಹೊರಗೆ ಒಯ್ಯುವಂತಿಲ್ಲ. ಬೇಕಾದ ಪಾಠವಷ್ಟೇ ನಕಲಾಗಿ ಹೊರಗೆ ಬರುತ್ತದೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಅದನ್ನು ಓದಿ ಜೀವಕೋಶ ಪ್ರೋಟೀನು ತಯಾರಿಸುತ್ತದೆ.

ಈ ನಕಲಿನ ಕೆಲವು ಅಕ್ಷರಗಳ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಇರುತ್ತದೆಂದು 1974ರಲ್ಲಿ ಗೊತ್ತಾಯಿತು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ. ಮೇಷ್ಟ್ರು ನೋಟ್ಸಿನ ಅಂಚಿನಲ್ಲಿ ಹಾಕುವ ಗುರುತಿನ ಹಾಗೆ ಅದು ಪಾಠವನ್ನು ಬದಲಿಸುವುದಿಲ್ಲ. ನಕಲನ್ನು ಎಷ್ಟು ಸಲ ಓದಬೇಕು, ಯಾವಾಗ ಹರಿದು ಹಾಕಬೇಕು ಎಂಬುದು ಅದರಿಂದ ಬದಲಾಗುತ್ತದೆ. ಗುರುತು ಹಾಕುವ ಕಿಣ್ವಗಳಿವೆ, ಅಳಿಸುವವೂ ಇವೆ. ಎಫ್‌ಟಿಒ ಎಂಬುದು ಅಳಿಸುವ ಕಿಣ್ವವೆಂದು 2011ರಲ್ಲಿ ತಿಳಿಯಿತು. ಗುರುತು ಅಳಿದರೆ, ಬೇಗ ನಾಶವಾಗಬೇಕಾದ ಕೆಲವು ನಕಲುಗಳು ಉಳಿದುಬಿಡುತ್ತವೆ.

ಬಾಯಿಯ ಕ್ಯಾನ್ಸರ್ ಜೀವಕೋಶಗಳಿಗೆ ಅಡಿಕೆಯ ಅರಿಕೋಲಿನ್ ಸೋಕಿಸಿದ ಪ್ರಯೋಗದಲ್ಲಿ ಈ ಎಫ್‌ಟಿಒ ಹೆಚ್ಚಾಯಿತು. ದೇಹದ ಕಾವಲು ಕೋಶಗಳಿಂದ ತಪ್ಪಿಸಿಕೊಳ್ಳಲು ಕ್ಯಾನ್ಸರಿಗೆ ನೆರವಾಗುವ ಪ್ರೋಟೀನೂ ಹೆಚ್ಚಾಯಿತು. ಅಡಿಕೆಯ ಹಾನಿ ಇಷ್ಟೇ ಅಲ್ಲ. ಅದು ಡಿಎನ್‌ಎಯನ್ನೂ ಕೆಡಿಸುತ್ತದೆ, ಬಾಯಿಯ ಒಳಪದರವನ್ನು ಬಿಗಿಯಾಗಿಸುತ್ತದೆ. ಎಫ್‌ಟಿಒವನ್ನು ತಡೆಯುವ ಔಷಧದ ಹುಡುಕಾಟ ನಡೆದಿದೆ. ಅದು ಬರಲಿ ಎಂದು ನಾವು ಕಾಯಬೇಕಾಗಿಲ್ಲ.

ತೋಟದಲ್ಲಿ ಸೋಗೆ ಹಳದಿಯಾದರೆ ನಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ. ಕೊಳೆ ಬರುವ ಮುಂಚೆಯೇ ಬೋರ್ಡೋ ಹೊಡೆಯುತ್ತೇವೆ. ಬಾಯಿಯನ್ನೂ ಹಾಗೆಯೇ ಕನ್ನಡಿಯಲ್ಲಿ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ತಡಮಾಡಬೇಡಿ.

ಮನೆಗೆ ಬಂದವರ ಮುಂದೆ ಎಲೆಅಡಿಕೆ ತಟ್ಟೆ ಇಡುವುದು ನಮ್ಮ ಮರ್ಯಾದೆ. ಅದನ್ನು ಜಗಿಯದೆ, ಮುಟ್ಟಿ ನಮಸ್ಕರಿಸಿದರೂ ಮರ್ಯಾದೆ ಉಳಿಯುತ್ತದೆ. ಮಕ್ಕಳೇ, ಅಂಗಡಿಯ ಅಡಿಕೆ ಪೊಟ್ಟಣವನ್ನು ನೀವು ಶುರುವೇ ಮಾಡಬೇಡಿ.