ಸಿಗಡಿಯ ರಕ್ತಸಂಚಾರ ಮತ್ತು ಕೊಳದ ನೀರು



ಗದ್ದೆಯ ಪಕ್ಕದ ಕೊಳದಲ್ಲಿ ಸಿಹಿನೀರು ಸಿಗಡಿ ಸಾಕುವವರು ಮೇವಿಗೆ ಕೊಡುವಷ್ಟೇ ಗಮನವನ್ನು ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೂ ಕೊಡಬೇಕು. ಇದಕ್ಕೆ ಕಾರಣ ಸಿಗಡಿಯ ದೇಹರಚನೆಯಲ್ಲೇ ಇದೆ.

ದನಕರುಗಳ ರಕ್ತವು ಹೃದಯದಿಂದ ಹೊರಟು ಮತ್ತೆ ಹೃದಯ ಸೇರುವವರೆಗೂ ನಾಳಗಳೊಳಗೇ ಹರಿಯುತ್ತದೆ. ಸಿಗಡಿ, ಏಡಿಗಳಲ್ಲಿ ಹಾಗಲ್ಲ. ಕಾಲುವೆಯ ನೀರನ್ನು ಗದ್ದೆಗೆ ಬಿಟ್ಟಂತೆ, ಅವುಗಳ ರಕ್ತನಾಳಗಳು ಕೊನೆಯಲ್ಲಿ ಅಂಗಗಳ ನಡುವಿನ ಪೊಳ್ಳುಗಳಿಗೆ ತೆರೆದುಕೊಳ್ಳುತ್ತವೆ. ಇದನ್ನು ತೆರೆದ ರಕ್ತಪರಿಚಲನೆ ಎನ್ನುತ್ತಾರೆ.

ಸಿಗಡಿಯ ಹೃದಯವಿರುವುದು ಬೆನ್ನಿನ ಕಡೆ, ತಲೆ ಮತ್ತು ಎದೆಯನ್ನು ಮುಚ್ಚಿದ ಚಿಪ್ಪಿನ ಹಿಂಭಾಗದ ಕೆಳಗೆ. ಅಲ್ಲಿಂದ ಹೊರಟ ನಾಳಗಳು ಕಣ್ಣು, ಮೀಸೆ, ಜೀರ್ಣಗ್ರಂಥಿ, ಬಾಲದ ಮಾಂಸಖಂಡ ಹಾಗೂ ಕಾಲುಗಳಿಗೆ ರಕ್ತ ಒಯ್ಯುತ್ತವೆ. ಬಳಕೆಯಾದ ರಕ್ತ ದೇಹದ ಕೆಳಬದಿಯ ಪೊಳ್ಳಿನಲ್ಲಿ ಕೂಡಿ, ಕಿವಿರುಗಳಿಗೆ ಹೋಗಿ ಆಮ್ಲಜನಕ ಪಡೆಯುತ್ತದೆ. ಬಳಿಕ ಹೃದಯದ ಸುತ್ತಲಿನ ಚೀಲಕ್ಕೆ ಬಂದು, ಹೃದಯದ ಗೋಡೆಯಲ್ಲಿರುವ ಕಂಡಿಗಳ ಮೂಲಕ ಒಳಸೇರುತ್ತದೆ.

ಈ ರಕ್ತ ಕೆಂಪಲ್ಲ. ಇದರಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವುಳ್ಳ ಹಿಮೋಸಯನಿನ್. ಆಮ್ಲಜನಕ ಕೂಡಿದಾಗ ಇದು ನೀಲಿ. ಇಲ್ಲದಾಗ ಬಹುಮಟ್ಟಿಗೆ ಬಣ್ಣವಿಲ್ಲದ್ದು. ಅಷ್ಟೇ ಪ್ರಮಾಣದ ಮನುಷ್ಯನ ರಕ್ತಕ್ಕಿಂತ ಸಿಗಡಿಯ ರಕ್ತ ಹೊರುವ ಆಮ್ಲಜನಕ ಬಹಳ ಕಡಿಮೆ. ಆದ್ದರಿಂದ ನೀರಿನಲ್ಲಿ ಕೊರತೆಯಾದರೆ ಸಿಗಡಿ ಬಹಳ ಹೊತ್ತು ತಡೆದುಕೊಳ್ಳಲಾರದು.

ಕೊಳದ ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಬಳಸುತ್ತದೆ. ಹೀಗಾಗಿ ನಸುಕಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿದರೆ ಅಪಾಯ. ಅಳೆಯುವ ಸಾಧನವಿಲ್ಲದವರು ಬೆಳಕು ಹರಿಯುವ ಮುನ್ನ ಕೊಳದ ಅಂಚನ್ನು ನೋಡಬೇಕು. ಸಿಗಡಿಗಳು ದಡಕ್ಕೆ ಬಂದು ಗುಂಪುಗೂಡಿದ್ದರೆ ಅದೇ ಎಚ್ಚರಿಕೆ. ಕೂಡಲೇ ಹೊಸ ನೀರು ಹಾಯಿಸಬೇಕು. ಇಲ್ಲವೇ ಕೊಳದ ನೀರನ್ನೇ ಪಂಪಿನಿಂದ ಎತ್ತರಕ್ಕೆ ಚಿಮ್ಮಿಸಬೇಕು. ಸಿಗಡಿಗಳು ಚೇತರಿಸಿಕೊಳ್ಳುವವರೆಗೆ ಮೇವು ಹಾಕಬಾರದು.

ಆದರೆ ಅವಸರದಲ್ಲಿ ಔಷಧಿ ಹೊಡೆದ ಗದ್ದೆಯ ನೀರನ್ನು ಕೊಳಕ್ಕೆ ತಿರುಗಿಸಬೇಡಿ. ಸಿಗಡಿಯೂ ಕೀಟಗಳ ದೂರದ ಬಳಗವೇ. ಪೈರಿನ ಹುಳು ಕೊಲ್ಲುವ ಔಷಧಿ ಅದನ್ನೂ ಕೊಲ್ಲುತ್ತದೆ.

ಹಿಡಿಯುವಾಗಲೂ ಎಚ್ಚರ ಬೇಕು. ಕಾಲು ಮುರಿದರೆ, ಚಿಪ್ಪು ಒಡೆದರೆ ಪೊಳ್ಳಿನಲ್ಲಿರುವ ರಕ್ತ ಹೊರಗೆ ಸೋರುತ್ತದೆ. ಅದಕ್ಕೆ ಹೆಪ್ಪುಗಟ್ಟುವ ಗುಣವಿದ್ದರೂ ದೊಡ್ಡ ಗಾಯವಾದ ಸಿಗಡಿ ಉಳಿಯುವುದು ಕಷ್ಟ. ಪೊರೆ ಕಳಚಿ ಮೈ ಮೆತ್ತಗಿರುವ ಸಿಗಡಿಗಳನ್ನಂತೂ ಮುಟ್ಟದಿರುವುದೇ ಲೇಸು.