ಹಳೆಯ ಜೀಪಿನ ಜಾತಕ

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪಿಗೆ ಇರುವ ಸ್ಥಾನ ಬರಿಯ ವಾಹನದ್ದಲ್ಲ. ಆಷಾಢದ ಮಳೆಯಲ್ಲಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಅಡಿಕೆಯ ಮೂಟೆಗಳನ್ನು ಮಂಡಿಗೆ ಸಾಗಿಸಿದ್ದು, ಮದುವೆಯ ದಿಬ್ಬಣವನ್ನು ಕರೆತಂದದ್ದು ಅದೇ. ಅಂಥದನ್ನು ಮಾರುವುದೆಂದರೆ ಮನೆಯ ಹಿರಿಯರೊಬ್ಬರನ್ನು ಕಳುಹಿಸಿಕೊಟ್ಟಂತೆ.

ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಕಡೆಯ ನನ್ನ ಗೆಳೆಯರೊಬ್ಬರಿಗೆ ಇಂಥ ಸಂದರ್ಭ ಒದಗಿತು. ಹಳದಿ ಎಲೆ ರೋಗದಿಂದ ತೋಟ ಸೊರಗಿತ್ತು, ಸಾಲ ಬೆಳೆದಿತ್ತು. ಅಜ್ಜಯ್ಯನ ಕಾಲದ ಜೀಪನ್ನು ಮಾರಲು ಅವರು ನಿಶ್ಚಯಿಸಿದರು. ಅದರ ಹಿಂಬದಿಯಲ್ಲಿ, ಬೆಲ್ಟು ತೊಡಿಸಿ ಯಂತ್ರ ತಿರುಗಿಸುವ ಪುಲ್ಲಿಯೊಂದಿತ್ತು. ಹಳೆಯ ವಾಹನಗಳ ಸಂಗ್ರಾಹಕರೊಬ್ಬರು ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದು ಕಾರ್ಖಾನೆಯಿಂದಲೇ ಬಂದದ್ದೋ, ಆಮೇಲೆ ಹಾಕಿಸಿದ್ದೋ?" ಮೊದಲನೆಯದಾದರೆ ಬೆಲೆ ಹೆಚ್ಚು. ಯಂತ್ರಗಳ ಹುಚ್ಚು ಕೊಂಚ ಇರುವ ನನಗೆ ಕರೆ ಬಂತು.

ಜೀಪು ಯಾವುದೆಂದು ಹೇಳುವುದು ಸುಲಭವಾಯಿತು. ಯುದ್ಧಕಾಲದ ಜೀಪಿನ ಮುಖಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ ಇದರಲ್ಲಿ ಏಳು, ದೀಪಗಳು ದೊಡ್ಡವು, ಹಿಂದೆ ತೆರೆಯುವ ಬಾಗಿಲು, ಹೆಚ್ಚುವರಿ ಚಕ್ರ ಪಕ್ಕದಲ್ಲಿ. ಅಮೆರಿಕದ ವಿಲ್ಲೀಸ್ ಕಂಪನಿ 1945ರಿಂದ 1949ರವರೆಗೆ ನಾಗರಿಕರಿಗಾಗಿ ತಯಾರಿಸಿದ ಸಿಜೆ-2ಎ ಅದು. ನಾಲ್ಕು ಸಿಲಿಂಡರು, ಸುಮಾರು 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನು. ರೈತನ ಕೆಲಸದ ಕುದುರೆಯೆಂದೇ ಅದನ್ನು ಮಾರುತ್ತಿದ್ದರು. ಚಾಲಕನ ಆಸನವೊಂದನ್ನು ಬಿಟ್ಟರೆ ಪಕ್ಕದ ಆಸನ, ಹಿಂದಿನ ಆಸನ, ಕ್ಯಾನ್‌ವಾಸ್ ಮಾಡು, ಬೆಲ್ಟಿನ ಪುಲ್ಲಿ ಎಲ್ಲವೂ ಬೇಕೆಂದವರಿಗೆ ಪ್ರತ್ಯೇಕ ಹಣಕ್ಕೆ.

ತೊಡಕು ಇಲ್ಲಿಯೇ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೊಯ್ಯುವ ದಂಡವನ್ನು ಜೋಡಿಸಲು ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಬದಿಯಲ್ಲಿ ಮುಚ್ಚಳವಿಟ್ಟೇ ಜೀಪನ್ನು ರೂಪಿಸಿದ್ದರು. ಅದನ್ನು ಬಿಚ್ಚಿ ಪುಲ್ಲಿಯನ್ನು ಕಾರ್ಖಾನೆಯಲ್ಲಿ ಜೋಡಿಸಬಹುದಿತ್ತು, ವ್ಯಾಪಾರಿಯ ಅಂಗಡಿಯಲ್ಲಿ ಜೋಡಿಸಬಹುದಿತ್ತು, ಹತ್ತು ವರ್ಷಗಳ ತರುವಾಯ ಊರಿನ ಮೇಸ್ತ್ರಿಯೂ ಜೋಡಿಸಬಹುದಿತ್ತು. ತಗಡಿನ ಮೇಲಿನ ಸಂಖ್ಯೆಯಾದರೋ ಎಷ್ಟನೆಯ ಗಾಡಿ ಎಂಬುದನ್ನಷ್ಟೇ ಹೇಳುತ್ತದೆ. ಅದರೊಂದಿಗೆ ಏನೇನು ಬಂತೆಂಬುದನ್ನು ಹೇಳುವುದಿಲ್ಲ.

ಈ ಸಂಶಯ ನಮ್ಮ ಕಾಡಿನ ಜೀಪಿಗೆ ಮಾತ್ರವಲ್ಲ. ಅಮೆರಿಕದಲ್ಲಿ 1960ರ ದಶಕದ ಬಲಿಷ್ಠ ಎಂಜಿನ್ನಿನ ಕಾರುಗಳಿಗೆ ಇಂದು ಅಪಾರ ಬೆಲೆ. ಅಲ್ಲಿಯೂ ಇದೇ ವಿವಾದ. ಷೆವರ್ಲೆಯ ಷೆವೆಲ್ ಕಾರಿನಲ್ಲಿ ಎಸ್‌ಎಸ್ 396 ಎಂಬುದು 1968ರವರೆಗೆ ಪ್ರತ್ಯೇಕ ಮಾದರಿ; ಕಾರಿನ ಸಂಖ್ಯೆಯೇ ಅದನ್ನು ಸಾರುತ್ತಿತ್ತು. 1969ರಲ್ಲಿ ಅದು ಬೇಕಾದರೆ ಕೊಳ್ಳಬಹುದಾದ ಸಲಕರಣೆಗಳ ಗುಂಪಾಯಿತು. ಅಂದಿನಿಂದ ಸಂಖ್ಯೆ ಮೌನ ತಾಳಿತು. ಆಗ ಸಾಕ್ಷಿಗಾಗಿ ಆಸನದ ಸ್ಪ್ರಿಂಗುಗಳ ನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲೆ, ಕಾರ್ಖಾನೆಯ ಕೆಲಸಗಾರರು ಬಿಟ್ಟಿರಬಹುದಾದ ಒಂದು ಹಾಳೆಯನ್ನು ಹುಡುಕುತ್ತಾರೆ. ಸಿಕ್ಕರೆ ಭಾಗ್ಯ. ಸಿಗದಿದ್ದರೆ ಕಾರು ಸುಳ್ಳೆಂದೂ ಅಲ್ಲ, ನಿಜವೆಂದೂ ಅಲ್ಲ.

ಗೆಳೆಯರ ಮನೆಯ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದೆವು. ಖರೀದಿಯ ರಸೀದಿ ದೊರೆಯಲಿಲ್ಲ. ಅವರ ತಾಯಿಯನ್ನು ಕೇಳಿದೆವು. "ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೇ ಅದು ಇತ್ತು. ಮಾವಯ್ಯ ತರುವಾಗಲೇ ಇತ್ತೋ, ಆಮೇಲೆ ಹಾಕಿಸಿದರೋ, ನಾ ಕಾಣೆ" ಎಂದರು.

ನಡುವಿನ ದಲ್ಲಾಳಿಗೆ ಇದು ರುಚಿಸಲಿಲ್ಲ. "ಕಂಪನಿಯಿಂದಲೇ ಬಂದದ್ದು ಅಂತ ಒಂದು ಸಾಲು ಬರೆದುಕೊಡಿ ರಾಯರೇ, ಯಾರು ನೋಡಿದ್ದಾರೆ? ಬೇಕಾದರೆ ಹಳೆಯ ರಸೀದಿಯನ್ನೂ ಮಾಡಿಸೋಣ" ಎಂದ. ಗೆಳೆಯರು ಬಹಳ ಹೊತ್ತು ಸುಮ್ಮನೆ ಕುಳಿತರು. ಸಾಲದ ಭಾರ ಬಲ್ಲವರಿಗೆ ಆ ಮೌನದ ಅರ್ಥ ತಿಳಿದೀತು. ಕೊನೆಗೆ ಕಾಗದ ತರಿಸಿ ಹೀಗೆ ಬರೆದರು: ಗಾಡಿ ಸಿಜೆ-2ಎ, ಪುಲ್ಲಿ ನಮ್ಮ ತಾಯಿ ಕಂಡಂದಿನಿಂದ ಇದೆ, ಅದಕ್ಕೆ ಹಿಂದಿನದು ನಮಗೆ ತಿಳಿಯದು.

ಬೆಲೆ ಇಳಿಯಿತು. ಜೀಪು ಹೋಯಿತು. ಸಾಲದಲ್ಲಿ ಒಂದಿಷ್ಟು ಉಳಿಯಿತು.

ಶ್ರೋತೃಗಳೆ, ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ. ಹಳೆಯ ವಸ್ತು ಕೈಬದಲಾಗುವಾಗ ಈ ಮೂರನ್ನೂ ಬೇರೆಬೇರೆಯಾಗಿಯೇ ಬರೆದುಕೊಡಬೇಕು. ಒಂದು ಸುಳ್ಳು ರಸೀದಿ ಒಂದು ಗಾಡಿಯ ಬೆಲೆಯನ್ನು ಏರಿಸೀತು. ಆದರೆ ಮುಂದೆ ನಿಜವಾದ ರಸೀದಿಯನ್ನು ಹಿಡಿದು ಬರುವವನ ಮಾತನ್ನೂ ನಂಬದಂತೆ ಮಾಡೀತು. ಆ ಜೀಪಿನ ಜಾತಕದಲ್ಲಿ ಒಂದು ಮನೆ ಖಾಲಿಯಿದೆ. ಅದು ಖಾಲಿಯಾಗಿಯೇ ಹೊಸ ಯಜಮಾನರ ಕೈ ಸೇರಿತೆಂಬುದು ನನಗೆ ನೆಮ್ಮದಿಯ ಸಂಗತಿ.