ಚೀಲದಲ್ಲಿ ಗೆಣಸು, ತಟ್ಟೆಯಲ್ಲಿ ಗಡ್ಡೆ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಒಕ್ಕಲುತನದ ಪಂಡಿತರಲ್ಲ. ಆದರೆ ಲೆಕ್ಕ ಬರೆಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸಂಬಳದವರ ಮನೆಯಲ್ಲಿ ತಿಂಗಳ ಮೊದಲ ಮೂರು ವಾರ ಪಗಾರದ ಮೇಲೆ ನಡೆಯುತ್ತವೆ. ನಾಲ್ಕನೆಯ ವಾರ ಅಂಗಡಿಯವನ ಉದ್ರಿಯ ಮೇಲೆ ನಡೆಯುತ್ತದೆ. ಆ ನಾಲ್ಕನೆಯ ವಾರದಲ್ಲಿ ತಟ್ಟೆಯಿಂದ ಮೊದಲು ಕಾಣೆಯಾಗುವದು ಕಾಯಿಪಲ್ಲೆ. ಅನ್ನ-ಸಾರು, ರೊಟ್ಟಿ-ಚಟ್ನಿ ಹೇಗೋ ಉಳಿಯುತ್ತವೆ. ಇದರ ಪೆಟ್ಟು ದೊಡ್ಡವರಿಗಿಂತ ಬೆಳೆಯುವ ಮಕ್ಕಳಿಗೆ ಹೆಚ್ಚು. ಈ ಕೊರತೆಯನ್ನು ಪೂರ್ತಿ ನೀಗಲು ಆಗದಿದ್ದರೂ ಕೊಂಚವಾದರೂ ತುಂಬಬಲ್ಲ ಒಂದು ಬೆಳೆಯಿದೆ. ಅದೇ ಗೆಣಸು.

ಗೆಣಸು ನಮಗೆ ಹೊಸದಲ್ಲ. ಬೆಳಗಾವಿಯ ಕೆಂಪು ಮಣ್ಣಿನ ಗೆಣಸು ಮುಂಬಯಿ, ದಿಲ್ಲಿಯ ಪೇಟೆಗಳವರೆಗೂ ಬರುತ್ತದೆ. ಮೈಸೂರಿನ ಕಡೆ ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಗಳ ಜೊತೆಗೆ ಬೇಯಿಸುತ್ತಾರೆ. ಇಲ್ಲಿ ಮುಂಬಯಿಯಲ್ಲಿ ಅದೇ ರತಾಳೆ. ಏಕಾದಶಿಗೆ, ಶಿವರಾತ್ರಿಗೆ ಅದರ ನೆನಪು. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ರತಾಳೆ ಗೊತ್ತು, ಗೆಣಸು ಎಂದರೆ ಗೊತ್ತಿಲ್ಲ. ಉಪವಾಸದ ದಿನ ಮಾತ್ರ ಕೊಳ್ಳುವದರಿಂದ ಅದು ದಿನದ ಊಟದ ಪದಾರ್ಥವೆಂಬುದನ್ನೇ ನಾವು ಮರೆತಿದ್ದೇವೆ.

ಇನ್ನು ಬೆಳೆಯುವ ರೀತಿ. ಬಟಾಟೆ ಎಂದರೆ ನೆಲದೊಳಗಿನ ಕಾಂಡ. ಅದನ್ನು ಕಣ್ಣು ನೋಡಿ ತುಂಡು ಮಾಡಿ ನೆಡುತ್ತಾರೆ. ಗೆಣಸು ಹಾಗಲ್ಲ, ಅದು ಉಬ್ಬಿದ ಬೇರು. ಅದಕ್ಕೆ ನೆಡಬೇಕಾದದ್ದು ಬಳ್ಳಿಯ ತುಂಡು. ಬಳ್ಳಿ ಎಲ್ಲಿಂದ ತರುವದು ಎಂಬ ಚಿಂತೆ ಬೇಡ. ಶ್ರಾವಣದ ಉಪವಾಸಕ್ಕೆ ತಂದ ಗೆಣಸಿನಲ್ಲಿ ಗಟ್ಟಿಯಾದ ಒಂದನ್ನು ತೆಗೆದಿಡಿರಿ. ಒಡೆದ ಕುಂಡದಲ್ಲಿ ಒದ್ದೆ ಮರಳು ಹಾಕಿ, ಅದನ್ನು ಅಡ್ಡಲಾಗಿ ಅರ್ಧ ಹೂಳಿರಿ. ಕೆಲವು ವಾರಗಳಲ್ಲಿ ಚಿಗುರು ಏಳುತ್ತದೆ. ಚಿಗುರು ಒಂದು ಅಡಿ ಮೀರಿದ ಮೇಲೆ, ನಾಲ್ಕೈದು ಗೆಣ್ಣುಗಳಿರುವಂತೆ ಕತ್ತರಿಸಿಕೊಳ್ಳಿರಿ.

ಮುಂಬಯಿಯ ಜಡಿಮಳೆಯಲ್ಲಿ ಚೀಲದ ಮಣ್ಣು ಕೆಸರಾಗಿ ಬೇರು ಕೊಳೆಯುತ್ತದೆ. ಆದ್ದರಿಂದ ಮಳೆ ಹಿಂದೆ ಸರಿದ ಮೇಲೆ, ನವರಾತ್ರಿಯ ಹೊತ್ತಿಗೆ ನೆಡುವದು ಲೇಸು. ಸಿಮೆಂಟಿನ ಖಾಲಿ ಚೀಲವನ್ನು ಚೆನ್ನಾಗಿ ಝಾಡಿಸಿ, ತೊಳೆದು, ತಳದಲ್ಲಿ ಎಂಟು-ಹತ್ತು ತೂತು ಮಾಡಿರಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಶೆಗಣಿ ಗೊಬ್ಬರ ಬೆರೆಸಿ ಒಂದೂವರೆ ಅಡಿ ತುಂಬಿರಿ. ಚೀಲಕ್ಕೆ ಎರಡು ತುಂಡು ಸಾಕು. ಎರಡು-ಮೂರು ಗೆಣ್ಣು ಮಣ್ಣಿನೊಳಗೆ ಇರಲಿ, ತುದಿಯ ಎಲೆಗಳು ಹೊರಗಿರಲಿ. ಮೊದಲ ವಾರ ದಿನಾಲು ನೀರು ಹಾಕಿರಿ. ಬೇರು ಹಿಡಿದ ಮೇಲೆ ಮೇಲ್ಮಣ್ಣು ಒಣಗಿದಾಗ ಕೊಟ್ಟರೆ ಸಾಕು. ನಳದ ನೀರು ಗಳಿಗೆ ನೋಡಿ ಬರುವ ಮನೆಗಳಲ್ಲಿ ಅಕ್ಕಿ-ಬೇಳೆ ತೊಳೆದ ನೀರೇ ಇದಕ್ಕೆ ಸಾಲುತ್ತದೆ. ಸಾಬೂನಿನ ನೀರು ಮಾತ್ರ ಬೇಡ.

ಮೂರು ಎಚ್ಚರಿಕೆ ಹೇಳಬೇಕು. ಮೊದಲನೆಯದು ಬಿಸಿಲು: ದಿನಕ್ಕೆ ಆರು ತಾಸಿನಷ್ಟು ಬಿಸಿಲು ಬೀಳದ ಮೂಲೆಯಲ್ಲಿ ಎಲೆ ಬಂದೀತು, ಗಡ್ಡೆ ಬಾರದು. ಎರಡನೆಯದು ಗೊಬ್ಬರ: ಪ್ರೀತಿಯಿಂದ ಯೂರಿಯಾ ಸುರಿದರೆ ಬಳ್ಳಿ ಕೊಬ್ಬುತ್ತದೆ, ಬೇರು ಬಡವಾಗುತ್ತದೆ. ಗೆಣಸಿಗೆ ಅತಿ ಮುದ್ದು ಆಗದು. ಮೂರನೆಯದು ಭಾರ: ಒದ್ದೆ ಮಣ್ಣಿನ ಚೀಲ ಒಬ್ಬರಿಗೆ ಎತ್ತಲಾಗದಷ್ಟು ತೂಕವಾಗುತ್ತದೆ. ಹಳೆಯ ಚಾಳಿನ ಕಟ್ಟಿಗೆಯ ಗ್ಯಾಲರಿಯಲ್ಲಿ ಇದನ್ನು ಇಡಲೇಬಾರದು. ಕೆಳಗಿನ ಅಂಗಳದಲ್ಲಿ, ಗೋಡೆಯ ಬದಿಗೆ, ನೆರೆಯವರನ್ನು ಕೇಳಿ, ಓಡಾಡುವ ದಾರಿ ಬಿಟ್ಟು ಇಡಬೇಕು. ಒಂದು ಚೀಲಕ್ಕಾಗಿ ನೆರೆಯವರ ಸ್ನೇಹ ಕೆಡಿಸಿಕೊಳ್ಳುವದು ನಷ್ಟದ ವ್ಯಾಪಾರ.

ಬಳ್ಳಿ ಹಬ್ಬಿದಲ್ಲೆಲ್ಲ ಬೇರು ಬಿಡುತ್ತದೆ. ಆಗಾಗ ಎತ್ತಿ ತಿರುವಿ ಹಾಕಿರಿ. ಮಣ್ಣು ಬಿರುಕು ಬಿಟ್ಟರೆ ಕೂಡಲೆ ಮುಚ್ಚಿರಿ. ಗೆಣಸು ಕೊರೆಯುವ ಹುಳ ಆ ಬಿರುಕಿನಿಂದಲೇ ಇಳಿಯುತ್ತದೆ. ಹುಳ ತಿಂದ ಗೆಣಸು ಕಹಿ, ಅದನ್ನು ಎಸೆಯಬೇಕು. ನಾಲ್ಕು-ನಾಲ್ಕೂವರೆ ತಿಂಗಳಿಗೆ, ಅಂದರೆ ಶಿವರಾತ್ರಿಯ ಸುಮಾರಿಗೆ, ಎಲೆ ಹಳದಿಯಾಗತೊಡಗಿದಾಗ ಅಗೆಯಬಹುದು. ಚೀಲಕ್ಕೆ ಒಂದೆರಡು ಕಿಲೋ ಬಂದರೆ ಸಂತೋಷಪಡಿರಿ. ಅದಕ್ಕೂ ಮೊದಲು, ಆ ನಾಲ್ಕು ತಿಂಗಳೂ, ಎಳೆಯ ಕುಡಿಗಳು ಕೈಗೆ ಸಿಗುತ್ತವೆ. ಗೆಣಸಿನ ಸೊಪ್ಪನ್ನು ಬೇಳೆಯೊಂದಿಗೆ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಬಸಳೆ, ಪಾಲಕಗಳಿಗೆ ಸೋಲದು. ಒಂದೇ ಸಲಕ್ಕೆ ಬಳ್ಳಿ ಬೋಳು ಮಾಡಬೇಡಿರಿ, ಅಷ್ಟೇ. ನಾಲ್ಕನೆಯ ವಾರದ ಮನೆಗೆ ಗಡ್ಡೆಗಿಂತ ಈ ಸೊಪ್ಪೇ ದೊಡ್ಡ ಲಾಭ.

ಕಿತ್ತಳೆ ಬಣ್ಣದ ಒಳತಿರುಳಿನ ಗೆಣಸು ಸಿಕ್ಕರೆ ಬಿಡಬೇಡಿರಿ. ಮಕ್ಕಳ ಕಣ್ಣಿಗೆ ಬೇಕಾದ ‘ಎ’ ಜೀವಸತ್ವ ಅದರಿಂದ ಹೇರಳವಾಗಿ ದೊರೆಯುತ್ತದೆ. ತಿರುವನಂತಪುರದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ‘ಭೂ ಸೋನಾ’ ಎಂಬ ಅಂಥ ತಳಿಯನ್ನು ಕೊಟ್ಟಿದೆ. ಇಂಥ ಗೆಣಸನ್ನು ಆಫ್ರಿಕದ ಬಡವರ ಮನೆಗಳಿಗೆ ಮುಟ್ಟಿಸಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಅಡಿಗೆಯ ಮಾತಿಗೆ ಬರೋಣ. ಅಗೆದ ಗೆಣಸನ್ನು ಅಂದೇ ಬೇಯಿಸದೆ ಒಂದು ವಾರ ಬೆಚ್ಚಗಿನ, ಗಾಳಿಯಾಡುವ ನೆರಳಿನಲ್ಲಿ ಇಡಿರಿ, ಸಿಹಿ ಏರುತ್ತದೆ. ಬೇಯಿಸುವಾಗಲೂ ಅವಸರ ಬೇಡ. ಮೆಲ್ಲನೆಯ ಕಾವಿನಲ್ಲಿ ಗೆಣಸಿನ ಪಿಷ್ಟ ಸಕ್ಕರೆಯಾಗುತ್ತದೆ. ಕುಕ್ಕರಿನಲ್ಲಿ ಒಮ್ಮೆಲೆ ಸೀಟಿ ಹೊಡೆಸಿದರೆ ಅಷ್ಟು ರುಚಿ ಬಾರದು. ಸಿಪ್ಪೆಯ ಸಹಿತ, ತಳದಲ್ಲಿ ಸ್ವಲ್ಪವೇ ನೀರಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿರಿ. ಬೆಂದದ್ದನ್ನು ನಾರು ತೆಗೆದು, ಬೆಲ್ಲ-ಏಲಕ್ಕಿ ಸೇರಿಸಿ, ನೀರು ಆರುವ ತನಕ ಮಗುಚಿದರೆ ಹೋಳಿಗೆಯ ಹೂರಣ ಸಿದ್ಧ. ಹಸಿಗೆಣಸನ್ನು ತುರಿದು ಜೀರಿಗೆ, ಹಸಿಮೆಣಸು, ಶೇಂಗಾಪುಡಿ ಹಾಕಿ ಬಾಡಿಸಿದರೆ ಇಲ್ಲಿಯವರು ಮಾಡುವ ಕೀಸ ಆಯಿತು. ಒಂಟಿ ಖೋಲಿಯ ಗಂಡಸರಿಗೂ ಇದು ಕಾಲು ತಾಸಿನ ಕೆಲಸ. ಸಕ್ಕರೆ ಕಾಯಿಲೆಯವರು ಅಳತೆಯಲ್ಲಿ, ಅನ್ನ-ರೊಟ್ಟಿಯ ಬದಲಿಗೆ ತಿನ್ನಬೇಕೇ ಹೊರತು ಅವುಗಳ ಮೇಲೆ ಅಲ್ಲ.

ಉಳಿದ ಗಡ್ಡೆಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಸುವರ್ಣಗಡ್ಡೆ, ಅಂದರೆ ಇಲ್ಲಿಯ ಸುರಣ, ಬಾಯಿ ತುರಿಸುವದು ಅದರೊಳಗಿನ ಸೂಜಿಯಂಥ ಸುಣ್ಣದ ಹರಳುಗಳಿಂದ. ಕೈಗೆ ಎಣ್ಣೆ ಹಚ್ಚಿಕೊಂಡು ಸಿಪ್ಪೆ ದಪ್ಪಗೆ ಹೆರೆದು, ಹುಣಸೆ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಹುಳಿಗೋ ಹುರಿಯಲಿಕ್ಕೋ ಬಳಸಬೇಕು. ಕೆಸುವಿನ ಗಡ್ಡೆಯನ್ನು ಸಿಪ್ಪೆಯ ಸಹಿತ ಬೇಯಿಸಿ ಸುಲಿದು, ಓಮಕಾಳು-ಹುಣಸೆ ಹಾಕಿ ಹುರಿದರೆ ಲೋಳೆ ಹೋಗುತ್ತದೆ. ಮರಗೆಣಸನ್ನು ಹಸಿಯಾಗಿ ಎಂದೂ ತಿನ್ನಬಾರದು, ಅದರಲ್ಲಿ ವಿಷದ ಅಂಶವಿದೆ. ಸುಲಿದು, ಸಣ್ಣ ತುಂಡು ಮಾಡಿ, ಹೆಚ್ಚು ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ ನೀರು ಬಸಿಯಬೇಕು. ಮೂಲಂಗಿಯ ಎಲೆ ಎಸೆಯುವವರು ಕೊಂಡ ಪಲ್ಲೆಯ ಅರ್ಧವನ್ನು ಎಸೆದಂತೆ.

ಬಂಧುಗಳೆ, ಒಂದು ಚೀಲ ಗೆಣಸಿನಿಂದ ಯಾರ ಉದ್ರಿಯೂ ತೀರದು. ಆ ಭರವಸೆ ನಾವು ಕೊಡುವದಿಲ್ಲ. ವಾರಕ್ಕೆ ಎರಡು ಸಲ ಮಕ್ಕಳ ತಟ್ಟೆಗೆ ಸೊಪ್ಪು, ಶಿವರಾತ್ರಿಗೆ ಮನೆಯದೇ ಗೆಣಸು, ಇಷ್ಟು ಆಗುತ್ತದೆ. ಇಷ್ಟೂ ಕಡಿಮೆಯಲ್ಲ. ಬಳ್ಳಿಯ ತುಂಡು ಬೇಕಾದವರು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಹೆಸರು ಬರೆಯಿಸಿರಿ. ಮನೆಯಲ್ಲಿ ಬಳ್ಳಿ ಇದ್ದವರು ನಾಲ್ಕು ತುಂಡು ಹೆಚ್ಚಿಗೆ ತರಬೇಕು. ನೆಡುವ ದಿನ ಮಕ್ಕಳನ್ನೂ ಕರೆತನ್ನಿರಿ. ಹೆಸರು ಕೇಳಿದರೆ ರತಾಳೆಯೊಂದಿಗೆ ಗೆಣಸು ಎಂದೂ ಹೇಳಿಕೊಡಿರಿ.